ಎರಡು ಕೋಣೆಯ ಮರ್ಯಾದೆ

ಸೆಮಿಸಿ ಅಕ್ಕನ ಮನೆಗೆ ಬಂದದ್ದು ಎರಡೇ ವಾರದ ಮಟ್ಟಿಗೆ. ಹಾಗೆಂದು ಅವನು ಹೇಳಿದ, ಅವನ ಹೆಂಡತಿ ವಿಕಾ ಹೇಳಿದಳು, ವ್ಯಾನಿನಿಂದ ಹಾಸಿಗೆ ಇಳಿಸುವಾಗ ಒಂಬತ್ತು ವರ್ಷದ ಮಗಳು ಲುಪೆ ಯಾರೂ ಕೇಳದಿದ್ದರೂ ಹೇಳಿದಳು. ಮೂವರೂ ಹೇಳಿದ್ದರಿಂದಲೇ ಅವನ ತಾಯಿ ಕಲೊಲೈನೆಗೆ ಅನುಮಾನ ಬಂತು.

“ಎರಡು ವಾರಕ್ಕೆ ಹೊಲಿಗೆ ಮಿಷಿನ್ ಯಾಕೋ ತಂದೆ?”

“ಅದು ವಿಕಾದು ಅಮ್ಮ. ಅವಳನ್ನೇ ಕೇಳು.”

“ಎಲ್ಲಿ ಬಿಟ್ಟು ಬರಲಿ ಅತ್ತೆ?” ಎಂದಳು ವಿಕಾ. “ನಮ್ಮ ಕೋಣೇಲಿ ಈಗ ಬೇರೆಯವರ ನಾಯಿ ಮಲಗತ್ತೆ.”

ಅವಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಸೆಮಿಸಿ ಹತ್ತೊಂಬತ್ತು ವರ್ಷ ರಟ್ಟಿನ ಡಬ್ಬಿಯ ಕಾರ್ಖಾನೆಯಲ್ಲಿ ದುಡಿದಿದ್ದ. ಅದು ಮುಚ್ಚಿ ಆ ಜಾಗದಲ್ಲಿ ಫ್ಲ್ಯಾಟುಗಳೆದ್ದವು. ವರ್ಷ ಕಳೆಯುವುದರೊಳಗೆ ಅವನಿದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿದ. ಕೊಂಡವರು ಗಂಡ ಹೆಂಡತಿ ಇಬ್ಬರೇ, ಜೊತೆಗೊಂದು ನಾಯಿ. ಆಕ್ಲೆಂಡಿನಲ್ಲಿ ಈಗ ಬಾಡಿಗೆ ಮನೆ ನೋಡಲು ಹೋದರೆ ಬಾಗಿಲಲ್ಲಿ ನಲವತ್ತು ಜನ ಸಾಲು ನಿಂತಿರುತ್ತಾರೆ. ಮುಂದೆ ನಿಂತವರ ಕೈಯಲ್ಲಿ ಇಬ್ಬಿಬ್ಬರ ಸಂಬಳದ ಚೀಟಿ ಇರುತ್ತದೆ. ಸೆಮಿಸಿಯ ಕೈಯಲ್ಲಿದ್ದದ್ದು ಒಂದು ಫೋನು. ಬೆಳಗಿನ ಐದಕ್ಕೆ ಅದಕ್ಕೊಂದು ಸಂದೇಶ ಬರುತ್ತಿತ್ತು: ಇವತ್ತು ಇಂಥ ಗೋದಾಮಿಗೆ ಬಾ. ಇಲ್ಲವೇ, ಇವತ್ತು ಬೇಡ.

ಹೀಗಾಗಿ ಒನೆಹುಂಗಾ ಬಡಾವಣೆಯಲ್ಲಿದ್ದ ಅಕ್ಕನ ಮನೆಯೇ ಗತಿಯಾಯಿತು. ಅಕ್ಕ ಪಿಸಿಲಾಳ ಗಂಡ ತೀರಿಕೊಂಡು ಏಳು ವರ್ಷ. ಆಸ್ಪತ್ರೆಯ ಹೊದಿಕೆ, ದಿಂಬಿನ ಚೀಲ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಮಗಳು ಫೂಸಿ ಪೇಟೆಯ ಆಫೀಸಿಗೆ ಹೋಗುತ್ತಾಳೆ. ಮನೆಯಲ್ಲಿ ಎರಡು ಕೋಣೆ: ಒಂದು ಪಿಸಿಲಾಳದು, ಇನ್ನೊಂದರಲ್ಲಿ ಅಜ್ಜಿ, ಮೊಮ್ಮಗಳು. ಒಂದು ಹಾಲು, ಒಂದು ಅಡುಗೆಮನೆ, ಒಂದು ಬಚ್ಚಲು, ಹಿತ್ತಲಲ್ಲಿ ತಗಡಿನ ಗ್ಯಾರೇಜು. ಬಾಡಿಗೆ ಕರಾರಿನಲ್ಲಿ ನಾಲ್ಕು ಜನಕ್ಕಿಂತ ಹೆಚ್ಚು ಇರಕೂಡದೆಂದು ಬರೆದಿತ್ತು. ಈಗ ಆರು ಜನ. ಏಜೆಂಟರಿಗೆ ಗೊತ್ತಾದರೆ ಆರೂ ಜನ ಬೀದಿಗೆ.

ಅಷ್ಟೇ ಆಗಿದ್ದರೆ ಹೇಗೋ ಹೊಂದಿಕೊಳ್ಳಬಹುದಿತ್ತು, ಒತ್ತಿಕೊಂಡು ಬದುಕುವುದು ನಮ್ಮ ಟೋಂಗಾ ದ್ವೀಪದವರಿಗೆ ಹೊಸದಲ್ಲ. ಆದರೆ ನಮ್ಮಲ್ಲಿ ಅಕ್ಕ ತಮ್ಮ ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಒಟ್ಟಿಗೆ ಟಿವಿ ನೋಡುವುದಿಲ್ಲ, ಎದುರೆದುರು ನಗೆಚಾಟಿಕೆ ಆಡುವುದಿಲ್ಲ. ಅಕ್ಕನ ಮಲಗುವ ಕೋಣೆಯ ಹೊಸ್ತಿಲನ್ನಂತೂ ತಮ್ಮ ಸತ್ತರೂ ಮೆಟ್ಟುವುದಿಲ್ಲ. ಅದು ಮುನಿಸಲ್ಲ, ಮರ್ಯಾದೆ. ಒಡಹುಟ್ಟಿದವರಲ್ಲಿ ಹೆಣ್ಣೇ ಮೇಲು. ಅವಳ ಮಾತನ್ನು ಗಂಡು ಮೀರುವಂತಿಲ್ಲ, ಅವಳ ಮಕ್ಕಳು ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ.

“ದ್ವೀಪದಲ್ಲಿ ಗಂಡುಮಕ್ಕಳಿಗೆ ಬೇರೆ ಗುಡಿಸಲೇ ಇರ್ತಿತ್ತು,” ಎಂದಳು ಕಲೊಲೈನೆ ಮೊದಲ ರಾತ್ರಿಯ ಊಟಕ್ಕೆ ಕೂತು.

“ಇಲ್ಲೂ ಇದೆಯಲ್ಲಜ್ಜಿ, ಗ್ಯಾರೇಜು,” ಎಂದಳು ಫೂಸಿ.

“ನಗಬೇಡ. ತಟ್ಟೆ ತಗೊಂಡು ಹೋಗಿ ಮಾವನಿಗೆ ಕೊಡು.”

ಕೆಸುವಿನ ಗೆಡ್ಡೆ, ಕುರಿಯ ಪಕ್ಕೆಮಾಂಸ ಹಾಕಿದ ತಟ್ಟೆಯನ್ನು ಫೂಸಿ ಮಳೆಯಲ್ಲಿ ಹಿತ್ತಲಿಗೆ ಒಯ್ದಳು. ಇಲ್ಲಿ ಜೂನ್ ಅಂದರೆ ಚಳಿಗಾಲ. ತಟ್ಟೆ ಗ್ಯಾರೇಜು ಮುಟ್ಟುವಷ್ಟರಲ್ಲಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು.

ಎರಡು ವಾರ ನಾಲ್ಕಾಯಿತು, ನಾಲ್ಕು ಆರಾಯಿತು. ಮನೆಗೆ ತನ್ನದೇ ಒಂದು ಗಡಿಯಾರ ಹುಟ್ಟಿಕೊಂಡಿತು. ಮೂರು ಗಂಟೆಗೆ ಪಿಸಿಲಾ ಕೆಲಸದಿಂದ ಬರುವ ಮೊದಲು ಸೆಮಿಸಿ ಸ್ನಾನ ಮುಗಿಸಿ ಹಿತ್ತಲು ಸೇರಬೇಕು. ಅವನಿಗೆ ಚಹಾ ಬೇಕಾದರೆ ಗ್ಯಾರೇಜಿನಿಂದಲೇ ಮಗಳನ್ನು ಕೂಗುತ್ತಿದ್ದ.

“ಲುಪೆ, ಅಡುಗೆಮನೆ ಖಾಲಿನಾ?”

“ಇಲ್ಲಪ್ಪ, ಅತ್ತೆ ಇದ್ದಾರೆ.”

“ಎಷ್ಟೊತ್ತು?”

“ಆಲೂಗೆಡ್ಡೆ ಸಿಪ್ಪೆ ತೆಗೀತಿದ್ದಾರೆ. ಇನ್ನೂ ಆರಿವೆ.”

ಪಿಸಿಲಾಳಿಗೆ ಇದು ಕೇಳಿಸುತ್ತಿತ್ತು. ಆರು ಗೆಡ್ಡೆಯನ್ನೂ ಬೋಗುಣಿಗೆ ಹಾಕಿಕೊಂಡು ತನ್ನ ಕೋಣೆಗೆ ಹೋಗಿ ಅಲ್ಲಿ ಸಿಪ್ಪೆ ತೆಗೆಯುತ್ತಿದ್ದಳು. ಒಂದು ಶನಿವಾರ ಸಂಜೆ ರಗ್ಬಿ ಪಂದ್ಯವಿತ್ತು. ತಮ್ಮ ಹೊರಗೆ ಸೂರಿನಡಿ ನಿಂತು ಹಾಲಿನ ಕಿಟಕಿಯ ಗಾಜಿನಾಚೆಯಿಂದ ಟಿವಿ ನೋಡುತ್ತಿರುವುದು ಕಣ್ಣಿಗೆ ಬಿದ್ದದ್ದೇ ಪಿಸಿಲಾ ತಲೆನೋವೆಂದು ಎದ್ದು ಆರು ಗಂಟೆಗೇ ಕೋಣೆಯ ಬಾಗಿಲು ಹಾಕಿಕೊಂಡಳು. ಮುಂದಿನ ಶನಿವಾರ ಸೆಮಿಸಿ ತನಗೆ ಈಗ ರಗ್ಬಿ ಅಷ್ಟಾಗಿ ರುಚಿಸುವುದಿಲ್ಲವೆಂದು ಲುಪೆಯ ಕೈಲಿ ಹೇಳಿ ಕಳಿಸಿದ. ಅಕ್ಕನ ಒಳಬಟ್ಟೆ ತಮ್ಮನ ಕಣ್ಣಿಗೆ ಬೀಳಬಾರದು. ಹಾಗಾಗಿ ಪಿಸಿಲಾ ಹಿತ್ತಲ ತಂತಿಗೆ ಬಟ್ಟೆ ಹಾಕುವುದನ್ನೇ ಬಿಟ್ಟು ತನ್ನ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದಳು. ಗೋಡೆಗೆ ಬೂಷ್ಟು ಹಿಡಿಯಿತು. ಅವಳಿಗೆ ಕೆಮ್ಮು ಹಿಡಿಯಿತು.

ದುಡ್ಡಿನ ಮಾತು ಬಂದಾಗ ವಿಕಾ ತಾನೇ ಹೋಗಿ ಪಿಸಿಲಾಳನ್ನು ಕೇಳಿದ್ದಳು. ಅವಳು ಆಫೀಸುಗಳ ನೆಲ ಒರೆಸುವ ಕೆಲಸ ಮಾಡುತ್ತಿದ್ದಳು.

“ನಮ್ಮ ಪಾಲು ಎಷ್ಟು ಕೊಡೋಣ ಅತ್ತಿಗೆ?”

“ಏನೂ ಬೇಡ. ಮನೆ ಮುಂಗಡಕ್ಕೆ ಕೂಡಿಟ್ಕೊಳ್ಳಿ.”

“ಕರೆಂಟಿಗಾದ್ರೂ?”

“ಆಸ್ಪತ್ರೇಲಿ ಸಂಬಳ ಏರಿಸಿದ್ದಾರೆ ಕಣೆ. ಸೆಮಿಸಿಗೂ ಹೇಳು. ಫೂಸಿ ಕೇಳಿದ್ರೆ ಮಾತ್ರ ಕೊಡ್ತಿದ್ದೀವಿ ಅನ್ನು, ಅವಳದ್ದೊಂದು ಬಾಯಿ.”

ಫೂಸಿಯ ಬಾಯಿ ಇದ್ದದ್ದೇ. ಅಂಗಡಿ ತೆರೆಯುವವರಿಗೆ ಯಾವ ಬಡಾವಣೆಯಲ್ಲಿ ಎಂಥ ಜನರಿದ್ದಾರೆಂದು ಲೆಕ್ಕ ತೆಗೆದುಕೊಡುವ ಆಫೀಸು ಅವಳದು. ಜುಲೈ ಕೊನೆಯ ಒಂದು ಸಂಜೆ ಊಟದ ಮೇಜಿನ ಮೇಲೆ ಬಣ್ಣದ ನಕ್ಷೆಯೊಂದನ್ನು ಹರಡಿದಳು.

“ನೋಡಜ್ಜಿ, ಇದು ನಮ್ಮ ಒನೆಹುಂಗಾ. ಮೊದಲು ತಿಳಿ ಹಸಿರು, ಈಗ ಕಡು ಹಸಿರು.”

“ಅಂದ್ರೆ ಏನು?”

“ಮನೆ ಆದಾಯ ಏರಿದೆ.”

“ಯಾರ ಮನೇದು?”

“ಎಲ್ಲಾ ಸೇರಿಸಿ ಸರಾಸರಿ.”

“ಆ ಸರಾಸರಿ ನಮ್ಮ ಬಾಗಿಲು ಬಡೀದೆ ಹಂಗೇ ಮುಂದಕ್ಕೆ ಹೋಯ್ತೇನೋ,” ಎಂದಳು ಅಜ್ಜಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

“ಇನ್ನೊಂದಿದೆ ನೋಡಿ. ಇಲ್ಲಿ ಈಗ ಎಷ್ಟು ಥರದ ಜನ, ಎಷ್ಟು ಭಾಷೆ ಅಂತ. ಕೊರಿಯಾದವರು, ಪಂಜಾಬಿಗಳು, ಬ್ರೆಜಿಲ್‌ನವರು. ನಮ್ಮ ಬಾಸ್ ಅಂತೂ ಖುಷಿಯಾಗ್ಬಿಟ್ಟಿದ್ದಾರೆ.”

“ಮೊದಲಿದ್ದ ಥರದವರು ಎಲ್ಲಿ ಹೋದ್ರು, ಅದಕ್ಕೆ ಯಾವ ಬಣ್ಣ?” ಎಂದು ಕೇಳಿದಳು ವಿಕಾ.

ಅಜ್ಜಿ ಬೆರಳು ಮಡಿಸಿದಳು. ಮೂಲೆಮನೆಯ ಫೊಲಾವು ಊರಂಚಿನ ಪಾಪಕುರಾಕ್ಕೆ. ಕೆಫು ಮನೆಯವರು ಬ್ರಿಸ್ಬೇನಿಗೆ. ಬ್ಯಾಂಡು ಬಾರಿಸುತ್ತಿದ್ದ ಮಾಕಾ ಎಲ್ಲಿಗೆಂದು ಹೇಳದೆ ಹೋದ. ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಹನ್ನೊಂದು ಟೋಂಗಾ ಮನೆ. ಈಗ ಎರಡು. ಚರ್ಚು ಕೂಡ ಮಾಂಗೆರೆಗೆ ಹೋಯಿತು. ಭಾನುವಾರ ಎರಡು ಬಸ್ಸು ಹಿಡಿಯಬೇಕು.

“ಎಲ್ಲರ ಸಂಬಳ ಒಟ್ಟು ಹಾಕಿದ್ರೆ ಪಾಪಕುರಾದಲ್ಲಿ ನಮಗೂ ಐದು ಕೋಣೆ ಮನೆ ಸಿಗತ್ತಮ್ಮ,” ಎಂದಳು ಫೂಸಿ. “ಮಾವ ಪಾಲು ಕೊಡ್ತಿದ್ದಾರೆ ತಾನೆ?”

“ಕೊಡ್ತಾನೆ,” ಎಂದಳು ಪಿಸಿಲಾ ತಲೆ ಎತ್ತದೆ. “ಆದ್ರೆ ದಿನಗೂಲಿ ಸಂದೇಶನ ಯಾರೂ ಸಂಬಳ ಅನ್ನಲ್ಲ ಕಣೆ. ನಾಲ್ಕು ಕಡೆ ಮನೆಗೆ ಅರ್ಜಿ ಹಾಕಿಯಾಯ್ತು. ಊಟ ಮಾಡು.”

ಆಗಸ್ಟ್ ಎರಡನೇ ವಾರ ಏಜೆಂಟರ ಪತ್ರ ಬಂತು. ಗುರುವಾರ ಬೆಳಿಗ್ಗೆ ಮನೆ ಪರಿಶೀಲನೆ.

ಬುಧವಾರ ಸಂಜೆ ಮನೆಯವರೆಲ್ಲ ಹಿತ್ತಲಿಗಿಳಿದರು. ಹಾಸಿಗೆ, ಹೊಲಿಗೆ ಮಿಷಿನ್ನು, ಲುಪೆಯ ಪುಸ್ತಕದ ಪೆಟ್ಟಿಗೆ ಎಲ್ಲ ಎದುರುಮನೆಯ ಹರ್‌ಲೀನಳ ಗ್ಯಾರೇಜಿಗೆ ಹೋಯಿತು. ಹರ್‌ಲೀನಳ ಗಂಡ ಟ್ಯಾಕ್ಸಿ ಓಡಿಸುತ್ತಾನೆ.

“ಹೋದ ವರ್ಷ ನಮ್ಮನೇಲಿ ಏಳು ಜನ ಇದ್ವಿ ಆಂಟಿ,” ಎಂದಳು ಅವಳು ಹಾಸಿಗೆಯ ಒಂದು ತುದಿ ಹಿಡಿದು. “ಆ ಏಜೆಂಟ್ ಹುಡುಗಿ ಬಂದಾಗ ನಮ್ಮ ಮೈದುನ ಎರಡು ಗಂಟೆ ಪಾರ್ಕಲ್ಲಿ ಬಾತುಕೋಳಿಗಳಿಗೆ ಬ್ರೆಡ್ ಹಾಕ್ಕೊಂಡು ಕೂತಿದ್ದ.”

ಲುಪೆಗೆ ಶಾಲೆ, ವಿಕಾಳಿಗೆ, ಫೂಸಿಗೆ ಕೆಲಸ. ಸೆಮಿಸಿಗೆ ಸಿಮೆಂಟು ಗೋದಾಮಿನಲ್ಲಿ ಇಡೀ ದಿನದ ಪಾಳಿ. ಪಿಸಿಲಾ ರಜೆ ಹಾಕಿದಳು. ಎಲ್ಲ ಸರಿಹೋಗಿತ್ತು.

ಗೋದಾಮಿಗೆ ಲಾರಿ ಬರಲಿಲ್ಲ. ಹತ್ತು ಗಂಟೆಗೇ ಕೂಲಿಯವರನ್ನು ಮನೆಗೆ ಕಳಿಸಿಬಿಟ್ಟರು. ಪರಿಶೀಲನೆ ಒಂಬತ್ತಕ್ಕೇ ಮುಗಿದಿರುತ್ತದೆಂದು ಸೆಮಿಸಿ ಅಂದುಕೊಂಡ. ಆದರೂ ಎಚ್ಚರಿಕೆಗೆಂದು ವ್ಯಾನನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ, ಹಿತ್ತಲಿನಿಂದ ಅಡುಗೆಮನೆಗೆ ಕಾಲಿಟ್ಟ. ಮೈಯೆಲ್ಲ ಬಿಳಿ ಸಿಮೆಂಟು ಪುಡಿ.

ಏಜೆಂಟ್ ಹುಡುಗಿ ಅದೇ ತಾನೇ ಪಿಸಿಲಾಳ ಕೋಣೆ ನೋಡಿ ಫೋಟೋ ತೆಗೆದುಕೊಂಡು, ಗೋಡೆಯ ಬೂಷ್ಟಿಗೆ ಕಿಟಕಿ ತೆಗೆದಿಡಿ ಎಂದು ಬುದ್ಧಿ ಹೇಳಿ, ಬಚ್ಚಲಿಗೆ ಹೋಗಿದ್ದಳು. ಅವಳ ಜೊತೆ ಬಂದಿದ್ದ ಗಂಡಸು ಹೊರಗಿನಿಂದ ಗ್ಯಾರೇಜಿನ ಕಡೆಗೆ ಬರುತ್ತಿದ್ದ. ಹಾಲಿನಲ್ಲಿ ಕಲೊಲೈನೆ ಬೈಬಲ್ ಹಿಡಿದು ಕೂತಿದ್ದಳು. ಅಡುಗೆಮನೆಯಲ್ಲಿ ಅಕ್ಕ ತಮ್ಮ ಎದುರುಬದುರಾದರು. ಅವರು ಅಷ್ಟು ಹತ್ತಿರ ನಿಂತು ಮೂವತ್ತು ವರ್ಷವಾಗಿತ್ತೇನೋ.

“ನನ್ನ ಕೋಣೆಗೆ ಹೋಗು,” ಎಂದಳು ಪಿಸಿಲಾ ಪಿಸುದನಿಯಲ್ಲಿ. “ಅದನ್ನ ನೋಡಿ ಆಗಿದೆ.”

ಸೆಮಿಸಿ ಕದಲಲಿಲ್ಲ. ಹಿತ್ತಲಲ್ಲಿ ಗ್ಯಾರೇಜಿನ ತಗಡಿನ ಬಾಗಿಲು ಕಿರುಗುಟ್ಟಿತು. ಬಚ್ಚಲಲ್ಲಿ ನಲ್ಲಿ ತಿರುಗಿಸಿ ನಿಲ್ಲಿಸಿದ ಸದ್ದು.

“ಬೇಡ ಅಕ್ಕ.”

“ಹೋಗು ಅಂದೆ.”

ಅವಳ ಮಾತು ಮೀರುವಂತಿಲ್ಲ, ಅವಳ ಹೊಸ್ತಿಲು ದಾಟುವಂತಿಲ್ಲ. ಇವೆರಡರ ನಡುವೆ ಒಂದು ಉಸಿರಿನಷ್ಟು ಹೊತ್ತು ನಿಂತು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಅವನು ಹೋದ.

ಒಳಗೆ ಅವನು ಮಂಚದ ಮೇಲೆ ಕೂರಲಿಲ್ಲ. ಹಗ್ಗದ ಮೇಲಿನ ಬಟ್ಟೆಗಳ ಕಡೆ ಕಣ್ಣೆತ್ತಬಾರದೆಂದು ಗೋಡೆಗೊರಗಿ ನೆಲದ ಮೇಲೆ ಕೂತು ತಲೆ ತಗ್ಗಿಸಿದ. ತಲೆ ತಗ್ಗಿಸಿದ್ದಕ್ಕೇ ಮಂಚದ ಕೆಳಗಿನದು ಕಾಣಿಸಿತು.

ಅಲ್ಲಿ ಹನ್ನೊಂದು ಸುರುಳಿ ಇರಬೇಕಿತ್ತು. ಹೆಣೆದ ನಯವಾದ ಚಾಪೆಗಳು, ಮರದ ತೊಗಟೆ ಬಡಿದು ಮಾಡಿ ಬಣ್ಣ ಹಾಕಿದ ಬಟ್ಟೆಗಳು. ಕಲೊಲೈನೆ ಮತ್ತವಳ ಅಕ್ಕತಂಗಿಯರು ನಲವತ್ತು ವರ್ಷದಲ್ಲಿ ಕೂಡಿಸಿದ್ದು. ಮುಂದೆ ಅಮ್ಮ ತೀರಿಕೊಳ್ಳುವ ದಿನ ಅವಳನ್ನು ಸುತ್ತಿ ಮಲಗಿಸಲು, ಬಂದವರಿಗೆ ಹಂಚಲು ಇಟ್ಟದ್ದು. ಈ ಮನೆಗೆ ಬಂದಾಗ ಅವನ್ನೆಲ್ಲ ಹೆಗಲ ಮೇಲೆ ಹೊತ್ತು ತಂದವನೇ ಸೆಮಿಸಿ. ಈಗ ಅಲ್ಲಿ ಒಂದೇ ಸುರುಳಿ ಉಳಿದಿತ್ತು. ಅದಕ್ಕೊಂದು ಚೀಟಿ ಸಿಕ್ಕಿಸಿತ್ತು, ಅಕ್ಕನ ಅಕ್ಷರ: ಮಾಂಗೆರೆಯಲ್ಲಿ ಮದುವೆಗಳಿಗೆ ಚಾಪೆ ಕೊಂಡು ಮಾರುವ ಹೆಂಗಸಿನ ಹೆಸರು, ಇನ್ನೂರೈವತ್ತು ಡಾಲರ್, ಬರುವ ಸೋಮವಾರ.

ಆಸ್ಪತ್ರೆಯಲ್ಲಿ ಏರಿದ್ದೆಂದು ಅವಳು ಹೇಳಿದ ಸಂಬಳ ಇದು.

“ನೀವು ಮೂರೇ ಜನ ಅಲ್ವಾ?” ಹಾಲಿನಲ್ಲಿ ಏಜೆಂಟ್ ಹುಡುಗಿ ಕೇಳುತ್ತಿದ್ದಳು. “ಬಹಳ ಅಚ್ಚುಕಟ್ಟಾಗಿ ಇಟ್ಕೊಂಡಿದ್ದೀರ.”

ಸಂಜೆ ಫೂಸಿ ಬಂದು ಎಲ್ಲ ಕೇಳಿಸಿಕೊಂಡಳು. ಕೋಟು ಕೂಡ ಬಿಚ್ಚದೆ ನಿಂತಳು.

“ಅಮ್ಮ, ನನ್ನ ತಮ್ಮ ನೋಡೋಕೆ ಬಂದಿದ್ದಾನೆ, ಚಹಾ ಕುಡೀತಿದ್ದಾನೆ ಅಂದಿದ್ರೆ ಮುಗೀತಿತ್ತಲ್ಲ. ನೆಂಟರು ಬರಬಾರದು ಅಂತ ಕರಾರಲ್ಲಿ ಎಲ್ಲಿದೆ?”

ಅಷ್ಟು ಸುಲಭದ ಸುಳ್ಳು. ಅಕ್ಕ ತಮ್ಮ ಒಂದೇ ಮೇಜಿಗೆ ಕೂತು ಚಹಾ ಕುಡಿಯುವುದು ಫೂಸಿಯ ಆಫೀಸಿನ ಯಾರಿಗೇ ಆಗಲಿ ಹೊಳೆಯುತ್ತಿತ್ತು, ಎದುರುಮನೆಯ ಹರ್‌ಲೀನಳಿಗೂ ಹೊಳೆಯುತ್ತಿತ್ತು. ಪಿಸಿಲಾಳಿಗೆ ಹೊಳೆಯಲಿಲ್ಲ, ಸೆಮಿಸಿಗೂ ಹೊಳೆಯಲಿಲ್ಲ. ಹುಟ್ಟಿದಂದಿನಿಂದ ಅಂಥ ಮೇಜನ್ನು ಅವರು ಕಂಡಿರಲಿಲ್ಲ.

“ನೀನೇ ಹೋಗು ಅಂದ್ಯಾ?” ಎಂದು ಕೇಳಿದಳು ಕಲೊಲೈನೆ.

“ಅಂದೆ ಅಮ್ಮ.”

“ಅವನು ಹೋದ್ನಾ?”

“ನಾನು ಹೇಳಿದ್ದಕ್ಕೆ ಅವನು ಇಲ್ಲ ಅಂದಿದ್ದು ಯಾವಾಗ?”

“ಅದಕ್ಕೇ ಹೇಳಬಾರದಿತ್ತು.”

“ಆರು ಜನ ಎಲ್ಲಿಗೆ ಹೋಗಬೇಕಿತ್ತಮ್ಮ?”

“ಗೊತ್ತಿಲ್ಲ,” ಎಂದಳು ಮುದುಕಿ. “ನನಗೆ ಅದು ಗೊತ್ತಿಲ್ಲ. ಇದು ಗೊತ್ತು.”

ಪಿಸಿಲಾ ತನ್ನ ಕೋಣೆಗೆ ಹೋಗಿ ದೀಪ ಹಾಕಿದಳು. ಗೋಡೆಯ ಬುಡದಲ್ಲಿ ಸಿಮೆಂಟು ಪುಡಿಯ ಗುರುತಿತ್ತು: ಗೋಡೆಗೆ ಬೆನ್ನು ತಾಗಿದ್ದ ಕಡೆ ಒಂದು, ನೆಲದ ಮೇಲೆ ಕೂತಿದ್ದ ಕಡೆ ಒಂದು. ಒರೆಸಲು ಬಟ್ಟೆ ತಂದಳು. ಒರೆಸುವ ಮೊದಲು ಏನನ್ನಿಸಿತೋ, ತಾನೇ ಆ ಗುರುತಿನ ಮೇಲೆ ಕೂತಳು. ಅಲ್ಲಿಂದ ನೇರ ಎದುರಿಗೆ ಮಂಚದ ಕೆಳಗಿನ ಬರಿದು ನೆಲ ಕಾಣುತ್ತಿತ್ತು, ಒಂಟಿ ಸುರುಳಿ ಕಾಣುತ್ತಿತ್ತು, ಚೀಟಿಯ ಅಕ್ಷರ ಕೂಡ ಓದಲು ಬರುತ್ತಿತ್ತು.

ನೋಡಿದೆ ಎಂದು ತಮ್ಮ ಹೇಳುವಂತಿರಲಿಲ್ಲ. ನೋಡಿದೆಯಾ ಎಂದು ಅಕ್ಕ ಕೇಳುವಂತಿರಲಿಲ್ಲ. ಅವಳ ಕೆಮ್ಮು ಮಾತ್ರ ರಾತ್ರಿ ಗ್ಯಾರೇಜಿನವರೆಗೂ ಕೇಳಿಸಿತು.

ನಾಲ್ಕು ದಿನ ಸೆಮಿಸಿ ಅಡುಗೆಮನೆಗೆ ಬರಲೇ ಇಲ್ಲ. ಐದನೆಯ ದಿನ ಅಮ್ಮನನ್ನು ಗ್ಯಾರೇಜಿಗೆ ಕರೆಸಿಕೊಂಡ.

“ದಕ್ಷಿಣದಲ್ಲಿ ಮರದ ಮಿಲ್ಲಲ್ಲಿ ಕೆಲಸ ಇದೆಯಮ್ಮ. ಕಾಯಂ ಕೆಲಸ. ಇನ್ವರ್ಕಾರ್ಗಿಲ್‌ನಿಂದ ಇನ್ನೂ ಆಚೆ.”

“ಅಲ್ಲಿಂದ ಆಚೆಗೆ ಸಮುದ್ರ ಅಲ್ವೇನೋ?”

“ಸಮುದ್ರಕ್ಕಿಂತ ಸ್ವಲ್ಪ ಈಚೆ.”

“ನಿನ್ನ ಅಕ್ಕನಿಗೆ ಹೇಳಿದ್ಯಾ?”

“ನೀನೇ ಹೇಳು. ಇಲ್ಲಿ ಜಾಗ ಸಾಲದು ಅಂತ ಹೇಳು, ಬೇರೇನೂ ಹೇಳಬೇಡ. ವಿಕಾ, ಲುಪೆ ಈ ಶಾಲೆ ಅವಧಿ ಮುಗಿದ ಮೇಲೆ ಬರಲಿ. ನಾನಿಲ್ಲದೆ ಇದ್ರೆ ಅವರಿಬ್ಬರೂ ಹಾಲಲ್ಲೇ ಮಲಗಬೋದು. ಗ್ಯಾರೇಜ್ ಬೇಕಾಗಲ್ಲ.”

ಅವನು ಹೊರಟ ದಿನ ಪಿಸಿಲಾ ಪಾಳಿ ಬದಲಿಸಿಕೊಂಡು ಆಸ್ಪತ್ರೆಗೆ ಹೋಗಿದ್ದಳು. ಹೋಗುವ ಮುಂಚೆ ಡಬ್ಬಿಮಾಂಸದ ಸ್ಯಾಂಡ್‌ವಿಚ್ಚು ಎಂಟು ಮಾಡಿ ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಟ್ಟಿದ್ದಳು. ಫೂಸಿ ಬಸ್ ನಿಲ್ದಾಣದವರೆಗೆ ಹೋದಳು. ಸೋದರಸೊಸೆ ಕೇಳಿದ್ದನ್ನು ಮಾವ ಕೊಡಲೇಬೇಕು. ವ್ಯಾನಿನ ಬೀಗದ ಕೈ ಕೇಳಿದಳು, ಕೊಟ್ಟ.

“ಇನ್ನೊಂದು ಕೇಳ್ಲಾ ಮಾವ?”

“ಕೇಳು.”

“ಹೋಗಬೇಡಿ.”

“ವ್ಯಾನಿಗೆ ಎಣ್ಣೆ ಹಾಕಿಸಿದ್ದೀನಿ,” ಎಂದ ಸೆಮಿಸಿ. “ಬ್ರೇಕು ಸ್ವಲ್ಪ ಮೆತ್ತಗಿದೆ, ನೋಡ್ಕೊಂಡು ಓಡಿಸು.”

ಮುಂದಿನ ವಾರ ಏಜೆಂಟರಿಂದ ಇನ್ನೊಂದು ಪತ್ರ ಬಂತು. ಪರಿಶೀಲನೆ ತೃಪ್ತಿಕರ. ಬಡಾವಣೆಯ ಈಗಿನ ದರಕ್ಕೆ ಸರಿಯಾಗಿ ಬಾಡಿಗೆ ವಾರಕ್ಕೆ ಅರವತ್ತು ಡಾಲರ್ ಹೆಚ್ಚಿಸಲಾಗಿದೆ. ಫೂಸಿ ಎರಡು ಸಲ ಓದಿದಳು. ನಕ್ಷೆಯ ಮಾತನ್ನು ಆ ಸಂಜೆ ಯಾರೂ ಎತ್ತಲಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ, ಚರ್ಚಿನಿಂದ ಬಂದು ಕೆಸುವಿನೆಲೆಯಲ್ಲಿ ತೆಂಗಿನ ಹಾಲು, ಮಾಂಸ ಕಟ್ಟಿ ಬೇಯಿಸಿದ ಊಟಕ್ಕೆ ಎಲ್ಲರೂ ಕೂತಿದ್ದಾಗ ಸೆಮಿಸಿ ಫೋನ್ ಮಾಡಿದ. ಲುಪೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದಳು. ಪರದೆಯ ಮೇಲೆ ತಮ್ಮನ ಮುಖ ಬಂದ ಕೂಡಲೇ ಪಿಸಿಲಾ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

“ಮನೆ ತೋರಿಸ್ತೀನಿ, ನೋಡಿ,” ಎಂದು ಸೆಮಿಸಿ ಫೋನ್ ಹಿಡಿದು ನಡೆದ. ಒಂದು ಖಾಲಿ ಕೋಣೆ, ಇನ್ನೊಂದು ಖಾಲಿ ಕೋಣೆ, ಮೂರನೆಯದರಲ್ಲಿ ಅವನ ಹಾಸಿಗೆ. ಹೆಜ್ಜೆಯ ಸದ್ದು ಗೋಡೆಗೆ ಬಡಿದು ಮರಳುತ್ತಿತ್ತು.

“ಬಾಡಿಗೆ ಎಷ್ಟೋ?” ಎಂದಳು ಅಮ್ಮ.

“ಅಲ್ಲಿಯ ಅರ್ಧಕ್ಕಿಂತ ಕಮ್ಮಿ.”

“ಅಷ್ಟು ಕೋಣೆ ಇಟ್ಕೊಂಡು ಒಬ್ಬನೇ ಏನ್ ಮಾಡ್ತೀಯೋ?”

“ಇಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲಿದೆಯಮ್ಮ. ಹಿಂದೆ ಇನ್ನೊಂದು ಬಚ್ಚಲಿದೆ. ಇಂಥ ಮನೇಲಾದ್ರೆ ನಾವೆಲ್ಲ ಇರಬೋದಿತ್ತು. ಯಾರಿಗೂ ಯಾರೂ ಅಡ್ಡ ಬರ್ತಿರಲಿಲ್ಲ.”

ಫೂಸಿ ಮಾತು ತಿರುಗಿಸಿದಳು.

“ಆ ಊರಲ್ಲಿ ನಮ್ಮ ಟೋಂಗಾದವರು ಎಷ್ಟು ಜನ ಇದ್ದಾರೆ ಮಾವ?”

“ನನ್ನನ್ನ ಸೇರಿಸಿ ಹೇಳ್ಲಾ?”

“ಸೇರಿಸಿ.”

“ಒಬ್ಬ.”

ಲುಪೆ ನಕ್ಕಳು. ಅವಳೊಬ್ಬಳೇ ನಕ್ಕದ್ದು. ಸ್ವಲ್ಪ ಹೊತ್ತಿಗೆ ಅಪ್ಪನ ಮುಖ ಪರದೆಯ ಮೇಲೆ ತುಂಡು ತುಂಡಾಗಿ, ನಿಂತು, ಹೋಯಿತು.

“ಪಿಸಿಲಾ,” ಎಂದು ಕಲೊಲೈನೆ ಅಡುಗೆಮನೆಯ ಕಡೆ ಕೂಗಿದಳು. “ಅವನು ಹೋದ. ಇನ್ನು ಬಂದು ಕೂತ್ಕೋ.”

“ಪಾತ್ರೆ ಇದೆ ಅಮ್ಮ.”

ವಿಕಾ ಎದ್ದು ಸಹಾಯಕ್ಕೆ ಹೋದಳು. ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ಪಿಸಿಲಾ ಬರಿದಾದ ತೊಟ್ಟಿಗೆ ನೀರು ಬಿಟ್ಟುಕೊಂಡು ನಿಂತಿದ್ದಳು. ವಿಕಾ ಒರೆಸುವ ಬಟ್ಟೆ ತೆಗೆದುಕೊಂಡು ಒಣಗಿದ ತಟ್ಟೆಗಳನ್ನೇ ಮತ್ತೆ ಒಂದೊಂದಾಗಿ ಒರೆಸತೊಡಗಿದಳು.